ಜೇಜುರಿಯ ವಾಘ್ಯಾ, ಮೈಲಾರದ ಗೊರವ: ‘ಯೋಧನೃತ್ಯ’ವೆಂಬ ವರ್ಗೀಕರಣದ ಮರುಪರಿಶೀಲನೆ

ಭಾರತೀಯ ಜನಪದ ಕುಣಿತಗಳನ್ನು ವರ್ಗೀಕರಿಸುವ ಕೈಪಿಡಿಗಳಲ್ಲಿ ‘ಯೋಧನೃತ್ಯ’ವೆಂಬ ಒಂದು ಖಾನೆ ಸಿದ್ಧವಾಗಿರುತ್ತದೆ. ಆಯುಧವನ್ನು ಹಿಡಿದು ಕುಣಿಯುವುದೆಲ್ಲ, ಯುದ್ಧದ ಕಥೆಯನ್ನು ಹೇಳಿಕೊಂಡು ಕುಣಿಯುವುದೆಲ್ಲ ಅಲ್ಲಿಗೆ ಹೋಗಿ ಸೇರುತ್ತದೆ. ಒಡಿಶಾದ ಪೈಕರ ಕುಣಿತ, ಕರ್ನಾಟಕದ ವೀರಗಾಸೆ ಇವುಗಳೊಂದಿಗೆ ಖಂಡೋಬಾ ಅಥವಾ ಮೈಲಾರಲಿಂಗನ ಒಕ್ಕಲಿನವರ ಕುಣಿತವನ್ನೂ ಈ ಖಾನೆಗೆ ಸೇರಿಸುವುದು ವಾಡಿಕೆಯಾಗಿದೆ. ಮೇಲ್ನೋಟಕ್ಕೆ ಇದರಲ್ಲಿ ತಪ್ಪೇನೂ ಕಾಣದು. ದೈವವು ಕುದುರೆ ಏರಿದ ವೀರ, ಕೈಯಲ್ಲಿ ಖಂಡೆಯ, ಕೊಂದದ್ದು ಮಣಿ, ಮಲ್ಲರೆಂಬ ಇಬ್ಬರು ದೈತ್ಯರನ್ನು. ಆದರೆ ಪುಣೆಯ ಆಗ್ನೇಯಕ್ಕೆ ಸುಮಾರು 50 ಕಿಲೋಮೀಟರ್ ದೂರದಲ್ಲಿರುವ ಜೇಜುರಿಯ ಗಡದ ಮೇಲೆ ವಾಘ್ಯಾನು ನಡೆಸುವ ಆಚರಣೆಯನ್ನೂ, ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಗೊರವನು ನಡೆಸುವ ಆಚರಣೆಯನ್ನೂ ಒಟ್ಟಿಗಿರಿಸಿ ನೋಡಿದಾಗ, ಈ ಹೆಸರು ಹೇಳುವುದಕ್ಕಿಂತ ಮರೆಮಾಚುವುದೇ ಹೆಚ್ಚೆಂಬುದು ನಮ್ಮ ಅಭಿಪ್ರಾಯ. ಆ ಅಭಿಪ್ರಾಯಕ್ಕೆ ಕಾರಣಗಳನ್ನು ಕೊಡುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಹೆಸರುಗಳ ವಿಷಯ. ಜೇಜುರಿಯ ಮೆಟ್ಟಿಲುಗಳ ಮೇಲೆ ಭಂಡಾರದ ಹಳದಿ ಪುಡಿಯನ್ನು ಎರಚುತ್ತ ಮರಾಠಿ ಭಕ್ತರು ಕೂಗುವ ಘೋಷದಲ್ಲಿ ‘ಯೇಳಕೋಟ’ ಎಂಬ ಪದವಿದೆ. ಮರಾಠಿಯಲ್ಲಿ ಏಳಕ್ಕೆ ‘ಸಾತ್’ ಎನ್ನುತ್ತಾರೆಂಬುದನ್ನು ನೆನೆದರೆ ಸಾಕು, ಈ ಪದ ಎಲ್ಲಿಯದೆಂಬುದು ಕನ್ನಡಿಗನಿಗೆ ಬಿಡಿಸಿ ಹೇಳಬೇಕಾದುದಿಲ್ಲ. ಮೈಲಾರದ ಗೊರವರ ‘ಏಳು ಕೋಟಿ’ಯೇ ಅದು. ಏಳು ಕೋಟಿಯೆಂದರೆ ದೈತ್ಯರ ಮೇಲೆ ಏರಿ ಹೋದಾಗ ಶಿವನ ಬೆನ್ನಿಗಿದ್ದ ಸೇನೆ. ಅರ್ಥ ತಿಳಿಯದೆಯೂ ಲಕ್ಷಾಂತರ ಕಂಠಗಳು ಶತಮಾನಗಳಿಂದ ಒಂದು ಕನ್ನಡ ಸಂಖ್ಯಾವಾಚಕವನ್ನು ಉಳಿಸಿಕೊಂಡು ಬಂದಿವೆ. ಮಹಾರಾಷ್ಟ್ರದ ವಿದ್ವಾಂಸರಾದ ರಾ.ಚಿಂ. ಢೇರೆಯವರು ಖಂಡೋಬನ ಕುರಿತ ತಮ್ಮ 1961ರ ಗ್ರಂಥದಿಂದ ಮೊದಲ್ಗೊಂಡು ಈ ದೈವದ ಕರ್ನಾಟಕ ಸಂಬಂಧವನ್ನು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡವರು. ಜರ್ಮನಿಯ ಗುಂಥರ್ ಸೊಂಥೈಮರ್ ಅವರು ಧನಗರರ ನಡುವೆ ನಡೆಸಿದ ಕ್ಷೇತ್ರಕಾರ್ಯದ ಫಲವಾಗಿ 1976ರಲ್ಲಿ ಜರ್ಮನ್ ಭಾಷೆಯಲ್ಲಿಯೂ 1989ರಲ್ಲಿ ಇಂಗ್ಲಿಷಿನಲ್ಲಿಯೂ ಹೊರಬಂದ ಗ್ರಂಥವು ಬೀರೋಬಾ, ಮ್ಹಸ್ಕೋಬಾ, ಖಂಡೋಬಾ ಈ ಮೂವರನ್ನು ದಖ್ಖನ್ನಿನ ಪಶುಪಾಲಕರ ಸಂಚಾರದ ಜಾಡಿನಲ್ಲಿಟ್ಟು ನೋಡಿತು. ಇಬ್ಬರ ಕೆಲಸಕ್ಕೂ ನಾವು ಋಣಿಗಳು.

ಕನ್ನಡದಲ್ಲಿ ಈ ಬಗೆಯ ಶೋಧಕ್ಕೆ ಬೇರೊಂದು ಪರಂಪರೆಯಿದೆ. ‘ಕಣ್ಮರೆಯಾದ ಕನ್ನಡ’ (1933) ಬರೆದ ಶಂ.ಬಾ. ಜೋಶಿಯವರು ಗೋದಾವರಿಯವರೆಗಿನ ಸ್ಥಳನಾಮಗಳಲ್ಲಿಯೂ ಕುಲನಾಮಗಳಲ್ಲಿಯೂ ಕನ್ನಡದ ಕುರುಹುಗಳನ್ನು ಹುಡುಕಿದರು. ಹಟ್ಟಿಕಾರರೆಂಬ ಪಶುಪಾಲಕ ಜನಾಂಗವನ್ನು ಎರಡೂ ಸಂಸ್ಕೃತಿಗಳ ಬುಡದಲ್ಲಿ ನಿಲ್ಲಿಸಿದರು. ಅವರ ವ್ಯುತ್ಪತ್ತಿಗಳಲ್ಲಿ ಕೆಲವು ಇಂದು ನಿಲ್ಲಲಾರವು. ಆದರೂ ಗಡಿಯ ಎರಡೂ ಬದಿಯ ಸಮಾಜವನ್ನು ಒಂದೇ ಘಟಕವೆಂದು ಭಾವಿಸಿ ಓದುವ ಅವರ ಕ್ರಮ ಬಲವಾದದ್ದು. ಅವರ ಅನಂತರ ಬಂದ ಅನುಕರಣೆಗಳಲ್ಲಿ ಆ ಕ್ರಮ ಕಳೆದುಹೋಗಿ ಹಕ್ಕುದಾರಿಕೆಯ ಮಾತಷ್ಟೇ ಉಳಿಯಿತು. ಜೇಜುರಿ ನಮ್ಮದು ಎನ್ನುವುದೂ, ಮೈಲಾರವು ಮಲ್ಹಾರಿಯ ಅಪಭ್ರಂಶ ಎನ್ನುವುದೂ ಒಂದೇ ಜಗಳದ ಎರಡು ಕೊನೆಗಳು. ರಾಜ್ಯದ ಹೊರಗಿದ್ದು ಕನ್ನಡದ ಸಂಶೋಧನೆ ಮಾಡುವ ನಮಗೆ ಈ ಜಗಳದಲ್ಲಿ ಪಾಲುಗೊಳ್ಳದಿರುವ ಸ್ವಾತಂತ್ರ್ಯವಾದರೂ ಇರಬೇಕು.

ಹಾಗಾದರೆ ಕುಣಿತವು ಏನನ್ನು ತೋರಿಸುತ್ತದೆ? ಜೇಜುರಿಯ ಖಂಡೋಬನನ್ನು ಕುಲದೈವವಾಗಿ ಉಳ್ಳ ಮನೆತನಗಳಲ್ಲಿ ಮದುವೆಯಾದ ಮೇಲೆ ‘ಜಾಗರಣ’ ಮಾಡಿಸುವುದು ಕರ್ತವ್ಯ. ಕಬ್ಬಿನ ಅಥವಾ ಜೋಳದ ಐದು ದಂಟುಗಳನ್ನು ಕಟ್ಟಿ ಮಾಡಿದ ಮಂಟಪದ ಮುಂದೆ ವಾಘ್ಯಾ ಮತ್ತು ಮುರಳಿ ರಾತ್ರಿಯಿಡೀ ಹಾಡುತ್ತಾರೆ, ಕುಣಿಯುತ್ತಾರೆ. ಡಿಮಡಿ, ತುಣತುಣೆ, ಮುರಳಿಯ ಕೈಯ ಗಂಟೆ ಇವಿಷ್ಟೇ ವಾದ್ಯಗಳು. ಮೊದಲು ಜೇಜುರಿ, ಪಾಲಿ, ನಳದುರ್ಗ, ಮಂಗಸೂಳಿ ಮುಂತಾದ ನೆಲೆಗಳ ದೈವಗಳನ್ನು ಹೆಸರು ಹಿಡಿದು ಕರೆಯುತ್ತಾರೆ. ಅನಂತರ ಕಥೆ, ನಡುನಡುವೆ ನಗೆಮಾತು. ಕೊನೆಗೆ ಕಬ್ಬಿಣದ ಸರಪಳಿಯನ್ನು ಹರಿಯುವ ‘ಲಂಗರ’ದ ವಿಧಿ, ಆರತಿ. ಈ ರಾತ್ರಿಯಲ್ಲಿ ಖಡ್ಗವಿಲ್ಲ. ಕಥೆಯಲ್ಲಿ ಯುದ್ಧಕ್ಕೆ ದೊರೆಯುವ ಸ್ಥಾನವೂ ಸಣ್ಣದು. ಕೇಳುಗರು ಕಾಯುವುದು ಬಾಣಾಯಿಯ ಕಥೆಗೆ. ಹೆಂಡತಿ ಮ್ಹಾಳಸೆಯೊಡನೆ ಪಗಡೆಯಾಡಿ ಸೋತ ದೊರೆ ಹನ್ನೆರಡು ವರ್ಷ ಮನೆ ಬಿಡುತ್ತಾನೆ. ಧನಗರರ ಹೆಣ್ಣಿನ ಮನೆಯಲ್ಲಿ ಕುರಿ ಕಾಯುವ ಆಳಾಗಿ ನಿಲ್ಲುತ್ತಾನೆ. ಕುರಿ ತೊಳೆಯಲು ಹೋಗಿ ಕೊಂದು, ಮತ್ತೆ ಬದುಕಿಸಿ, ಅವಳನ್ನು ಕಟ್ಟಿಕೊಂಡು ಗಡಕ್ಕೆ ಬರುತ್ತಾನೆ. ಇಬ್ಬರು ಸವತಿಯರ ಜಗಳ ಬೆಳಗಿನವರೆಗೂ ಸಾಗುತ್ತದೆ. ಮೈಲಾರದ ಕಡೆ ಗಂಗಿಮಾಳವ್ವ, ಕುರುಬತ್ಯವ್ವ ಎಂಬ ಜೋಡಿಯಲ್ಲಿ ಇದೇ ಸಂಸಾರವಿದೆ. ವೈರಿಯನ್ನು ಗೆದ್ದವನೆಂಬುದಕ್ಕಿಂತ ಊಳಿಗಕ್ಕೆ ನಿಂತವನೆಂಬ ಕಾರಣಕ್ಕಾಗಿಯೇ ಈ ದೈವ ಕುರಿಗಾರನಿಗೆ ಹತ್ತಿರದವನೆಂಬುದನ್ನು ಇಲ್ಲಿ ಗಮನಿಸಬೇಕು.

ಆಯುಧವು ಜೇಜುರಿಯಲ್ಲಿ ಬರುವುದು ಬೇರೆ ದಿನ, ಬೇರೆಯವರ ಕೈಯಲ್ಲಿ. ದಸರೆಯ ರಾತ್ರಿ ಗಡದ ಪಲ್ಲಕ್ಕಿಯೂ ಕಡೇಪಠಾರದ ಹಳೆಯ ದೇವಾಲಯದ ಪಲ್ಲಕ್ಕಿಯೂ ಭೇಟಿಯಾದ ಮೇಲೆ ಮರುದಿನ ಸುಮಾರು 42 ಕಿಲೋ ತೂಕದ್ದೆಂದು ಹೇಳಲಾಗುವ ಖಂಡೆಯವನ್ನು ಎತ್ತುವ ಪಂದ್ಯ ನಡೆಯುತ್ತದೆ. ಒಂದೇ ಕೈಯಲ್ಲಿ ಚಾಚಿ ಹಿಡಿಯುವುದು, ಹಲ್ಲಿನಲ್ಲಿ ಕಚ್ಚಿ ಎತ್ತುವುದು ಇವೆಲ್ಲ ತರುಣರ ಸಾಹಸ. ವಾಘ್ಯಾನ ವೃತ್ತಿಗೆ ಸೇರಿದ್ದಲ್ಲ. ಅಂದರೆ ಶಸ್ತ್ರವಿದ್ದಲ್ಲಿ ಕುಣಿತವಿಲ್ಲ, ಕುಣಿತವಿದ್ದಲ್ಲಿ ಶಸ್ತ್ರವಿಲ್ಲ. ಇವೆರಡನ್ನೂ ಬೆಸೆದು ‘ಯೋಧನೃತ್ಯ’ವನ್ನು ಕಟ್ಟಿದವರು ಕೈಪಿಡಿಕಾರರು.

ಇಲ್ಲಿ ವೀರಗಾಸೆಯೊಡನೆ ಹೋಲಿಕೆ ಅನಿವಾರ್ಯ. ವೀರಗಾಸೆಯ ಲಿಂಗವೀರನಾಗಲಿ ಉತ್ತರ ಕರ್ನಾಟಕದ ಪುರವಂತನಾಗಲಿ ದಕ್ಷಯಜ್ಞದ ವೀರಭದ್ರನ ಆವೇಶವನ್ನು ಮೈಮೇಲೆ ತಂದುಕೊಳ್ಳುತ್ತಾನೆ. ಕೈಯಲ್ಲಿ ಕತ್ತಿ, ಬಾಯಲ್ಲಿ ಒಡಪು, ನೆಟ್ಟಗೆ ನಿಂತ ಮೈ. ಅವನು ದೈವದ ಪ್ರತಿರೂಪ. ಗೊರವ ದೈವದ ಪ್ರತಿರೂಪನಲ್ಲ, ದೈವದ ನಾಯಿ. ಕಂಬಳಿಯ ನಿಲುವಂಗಿ, ದಕ್ಷಿಣದ ಕಡೆ ಕರಡಿ ಕೂದಲಿನ ಟೊಪ್ಪಿ, ಕೊರಳಲ್ಲಿ ಕವಡೆಯ ಸರ, ಹೆಗಲಲ್ಲಿ ಭಂಡಾರದ ಚೀಲ, ಒಂದು ಕೈಯಲ್ಲಿ ಡಮರು, ಇನ್ನೊಂದರಲ್ಲಿ ಪಿಳ್ಳಂಗೋವಿ. ಇದು ಬೇಡುವವನ ವೇಷವೇ ಹೊರತು ಕಾದುವವನದಲ್ಲ. ‘ದೋಣಿ’ಯೆಂಬ ಮರದ ಬಟ್ಟಲಲ್ಲಿ ಭಕ್ತರು ಹಾಲು, ಬಾಳೆಹಣ್ಣು, ಬೆಲ್ಲ ಮುಂತಾದುವನ್ನು ತುಂಬಿದಾಗ ಗೊರವರು ಬೊಗಳುತ್ತ, ಒಬ್ಬರನ್ನೊಬ್ಬರು ತಳ್ಳಾಡುತ್ತ, ಕೈ ತಾಗಿಸದೆ ಬಾಯಿ ಹಾಕಿ ತಿನ್ನುತ್ತಾರೆ. ಜೇಜುರಿಯ ವಾಘ್ಯಾನ ಬಳಿ ಇರುವ ‘ಕೋಟಂಬಾ’ ಇದೇ ಬಟ್ಟಲು. ಅವನೂ ನಾಯಂತೆ ಬೊಗಳಿ ತಿನ್ನುತ್ತಿದ್ದುದನ್ನು ಹಿಂದಿನ ವರ್ಣನೆಗಳು ಹೇಳುತ್ತವೆ. ದೈತ್ಯನ ರಕ್ತದ ಹನಿಹನಿಯಿಂದ ಹೊಸ ದೈತ್ಯರು ಹುಟ್ಟುತ್ತಿದ್ದಾಗ ಅದು ನೆಲಕ್ಕೆ ಬೀಳದಂತೆ ನೆಕ್ಕಿದ ನಾಯಿಗಳೇ ಗೊರವರೆಂಬುದು ಜನಪದ ಕಥನದ ವಿವರಣೆ. ಯುದ್ಧವಿದೆ ನಿಜ, ಆದರೆ ಅದರಲ್ಲಿ ಗೊರವನ ಪಾತ್ರ ಇರಿಯುವುದಲ್ಲ, ನೆಕ್ಕುವುದು.

ಈ ವಿಧಿಯನ್ನು ಕಂಡ ಆಧುನಿಕ ಮನಸ್ಸು ಮುಜುಗರಪಡುತ್ತದೆ. ಸರಕಾರಿ ಉತ್ಸವಗಳ ವೇದಿಕೆಯ ಮೇಲೆ ಗೊರವರ ಕುಣಿತ ಬರುತ್ತದೆ, ದೋಣಿ ಬರುವುದಿಲ್ಲ. ಮನುಷ್ಯನು ನಾಯಾಗುವುದನ್ನು ಮರೆಮಾಡಿ ಅವನನ್ನು ಯೋಧನೆಂದು ಕರೆದರೆ ಎಲ್ಲರಿಗೂ ನೆಮ್ಮದಿ. ವರ್ಗೀಕರಣದ ಹಿಂದಿರುವ ಒತ್ತಡ ಇದು. ಇದನ್ನು ದುರುದ್ದೇಶವೆಂದು ನಾವು ಹೇಳುವುದಿಲ್ಲ. ಕಲಾವಿದನಿಗೆ ಗೌರವ ದೊರೆಯಲೆಂಬ ಆಶಯವೂ ಅದರಲ್ಲಿದೆ. ಆದರೆ ಸಂಶೋಧಕನು ಅದನ್ನೇ ಇತಿಹಾಸವೆಂದು ಬರೆದರೆ ಒಂದು ಮುಖ್ಯವಾದ ಸಾಕ್ಷ್ಯ ಕೈತಪ್ಪುತ್ತದೆ.

ಆ ಸಾಕ್ಷ್ಯವು ಜೇಜುರಿಯಿಂದ ಬಹುದೂರದಲ್ಲಿ, ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತದ್ದು. ಶಕ 872ರ, ಎಂದರೆ ಕ್ರಿ.ಶ. 949–50ರ, ಆ ಶಾಸನವನ್ನು ಇತಿಹಾಸಕಾರರು ತಕ್ಕೋಲದ ಯುದ್ಧಕ್ಕಾಗಿ ಓದುತ್ತಾರೆ: ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಗಂಗರ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದ ಯುದ್ಧ. ನಮಗೆ ಬೇಕಾದ ಭಾಗ ಬೇರೆ. ಬೂತುಗನ ಭಟನಾದ ಮಣಲೇರನು ಆ ಯುದ್ಧದಲ್ಲಿ ಮೆರೆದ ಪರಾಕ್ರಮಕ್ಕೆ ಮೆಚ್ಚಿ ದೊರೆ ಬೇಡಿಕೋ ಎಂದಾಗ ಅವನು ಬೇಡಿದ್ದು ಕಾಳಿಯೆಂಬ ನಾಯನ್ನು. ಆ ಕಾಳಿಯನ್ನು ಕೆಳಲೆನಾಡಿನ ಬೆಳತೂರಿನ ಬಳಿ ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟಾಗ ಹಂದಿಯೂ ನಾಯಿಯೂ ಒಂದನ್ನೊಂದು ಕೊಂದು ಸತ್ತವು. ನಾಯಿಗಾಗಿ ಆತಕೂರಿನ ಚಲ್ಲೇಶ್ವರದ ಮುಂದೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟರು. ಆ ಸ್ಥಾನವನ್ನಾಳುವ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ ನಾಯಿ ಮಾಡಿದ ಪಾಪಕ್ಕೆ ಹೊಣೆಯಾಗುತ್ತಾನೆಂದು ವಿಧಿಸಿದರು. ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿ ಈ ಕಲ್ಲನ್ನು ಇಂದಿಗೂ ನೋಡಬಹುದು. ನಾಯಿಯೂ ಹಂದಿಯೂ ಸೆಣಸುವ ಚಿತ್ರ ಅದರ ಮೇಲಿದೆ.

ಎಚ್ಚರಿಕೆಯ ಮಾತೊಂದನ್ನು ಇಲ್ಲಿಯೇ ಹೇಳಬೇಕು. ಹಳಗನ್ನಡದ ಶಾಸನಗಳಲ್ಲಿ ‘ಗೊರವ’ ಎಂದರೆ ಶೈವ ತಪಸ್ವಿ, ದೇವಾಲಯದ ಸ್ಥಾನಾಚಾರ್ಯ. ಪದದ ಮೂಲ ‘ಗುರು’. ಆತಕೂರಿನ ಗೊರವ ಮೈಲಾರನ ಗೊರವನಲ್ಲ. ಹತ್ತನೆಯ ಶತಮಾನದ ಕಲ್ಲಿನಿಂದ ಇಂದಿನ ದೋಣಿಯವರೆಗೆ ನೇರವಾದ ಗೆರೆಯೆಳೆಯುವುದು ಸಾಹಸವಾದೀತು. ಆದರೂ ಭಟ, ನಾಯಿ, ಗೊರವ ಈ ಮೂವರು ಒಂದೇ ಕಲ್ಲಿನಲ್ಲಿ, ಒಂದೇ ಋಣದ ಕಟ್ಟಿನಲ್ಲಿ ಬರುವುದನ್ನು ಕಡೆಗಣಿಸಲಾಗದು. ಅಲ್ಲಿ ನಾಯಿ ಕೀಳಲ್ಲ. ಒಡೆಯನಿಗಾಗಿ ಸಾಯುವ ಭಟನ ಸಮಾನ. ಅನ್ನದ ಋಣವನ್ನು ಪ್ರಾಣದಿಂದ ತೀರಿಸುವ ಜೋಳವಾಳಿ, ಒಡೆಯನೊಡನೆ ಸಾಯುವ ಪ್ರತಿಜ್ಞೆಯ ವೇಳೆವಾಳಿ, ಹೊಯ್ಸಳರ ಕಾಲದ ಗರುಡರು ಇವರೆಲ್ಲರ ಜಗತ್ತಿನಲ್ಲಿ ‘ನಾನು ನಿನ್ನ ಮನೆಯ ನಾಯಿ’ ಎಂಬ ಮಾತು ದೈನ್ಯವಲ್ಲ, ಪಟ್ಟ. ಗೊರವನ ಬೊಗಳುವಿಕೆಯಲ್ಲಿ ಉಳಿದಿರುವ ಸೈನಿಕತನವನ್ನು ಇಲ್ಲಿ ಹುಡುಕಬೇಕೇ ಹೊರತು ಅವನ ಕೈಯಲ್ಲಿ ಇಲ್ಲದ ಕತ್ತಿಯಲ್ಲಿ ಅಲ್ಲ. ಮಧ್ಯಯುಗದ ವೀರವನ್ನು ನಾವು ಶೌರ್ಯದ ಹೆಸರಿನಲ್ಲಿ ಓದುತ್ತ ಬಂದಿದ್ದೇವೆ. ಅದರ ಒಳಗಿನ ಎಲುಬು ಊಳಿಗ.

ತೆಲುಗಿನ ಆಕರಗಳು ಈ ಓದಿಗೆ ಒದಗಿಬರುತ್ತವೆ. ಪಾಲ್ಕುರಿಕೆ ಸೋಮನಾಥನ ‘ಪಂಡಿತಾರಾಧ್ಯ ಚರಿತ್ರ’ದಲ್ಲಿ ಮೈಲಾರಭಟರು ಬರುತ್ತಾರೆ. ವಲ್ಲಭರಾಯನ ಹೆಸರಿನಲ್ಲಿರುವ ‘ಕ್ರೀಡಾಭಿರಾಮಮು’ ಓರುಗಲ್ಲಿನ ಬೀದಿಗಳನ್ನು ತೋರಿಸುತ್ತ ಮೈಲಾರನ ವೀರಭಟರು ತಮ್ಮ ಮೈಯನ್ನೇ ದಂಡಿಸಿಕೊಳ್ಳುವ ಸಾಹಸಗಳನ್ನೂ, ‘ಗೊರಗ’ ಹೆಣ್ಣೊಬ್ಬಳು ದೈವದ ಮುಂದೆ ಮೈ ಬಾಗಿಸಿ ಮಾಡುವ ಚಮತ್ಕಾರವನ್ನೂ ವರ್ಣಿಸುತ್ತದೆ. ಇಲ್ಲಿ ‘ಭಟ’ ಎಂಬ ಪದವೇ ಬಂದಿದೆ. ಆದರೆ ಭಟನ ಶಸ್ತ್ರ ತಿರುಗಿರುವುದು ಅವನ ಕಡೆಗೇ. ಮೈಲಾರದ ಜಾತ್ರೆಯಲ್ಲಿ ಕಂಚವೀರರು ಇಂದಿಗೂ ನಡೆಸುವ ಪವಾಡಗಳು, ಸರಪಳಿ ಹರಿಯುವ ವಿಧಿ, ಜೇಜುರಿಯ ಲಂಗರ ಇವೆಲ್ಲ ಇದೇ ಬಗೆಯವು. ‘ಪವಾಡ’ ಎಂಬ ಒಂದೇ ಮಾತು ಕನ್ನಡದಲ್ಲಿ ದೈವಶಕ್ತಿಯ ಅದ್ಭುತವನ್ನೂ, ಮರಾಠಿಯಲ್ಲಿ ವೀರರ ಲಾವಣಿಯನ್ನೂ ಸೂಚಿಸುವುದು ಕಾಕತಾಳೀಯವೆಂದು ನಮಗೆ ತೋರುವುದಿಲ್ಲ. ದೈವಕ್ಕಾಗಿ ಮೈಯನ್ನು ಒಡ್ಡಿದ ಸಾಹಸ ಒಂದು ಕಡೆ ವಿಧಿಯಾಗಿ ಉಳಿಯಿತು, ಇನ್ನೊಂದು ಕಡೆ ಕಾವ್ಯವಾಗಿ ಹೊರಟಿತು.

ವಾಘ್ಯಾ ಎಂಬ ಪದವನ್ನು ಎಲ್ಲರೂ ‘ವಾಘ್’, ಎಂದರೆ ಹುಲಿ, ಎಂಬುದರಿಂದ ಬಿಡಿಸುತ್ತಾರೆ. ಅವನ ಭಂಡಾರದ ಚೀಲವು ಹಿಂದೆ ಹುಲಿಯ ಚರ್ಮದ್ದಾಗಿತ್ತು. ದೈವದರ್ಶನದಿಂದ ಹುಲಿ ಮನುಷ್ಯನಾದ ಕಥೆಯೂ ಇದೆ. ಆದರೆ ಉತ್ತರ ಕರ್ನಾಟಕದಲ್ಲಿ ಈ ದೈವದ ಒಕ್ಕಲನ್ನು ‘ವಗ್ಗಯ್ಯ’ನೆಂದು ಕರೆಯುತ್ತಾರೆ, ತೆಲಂಗಾಣದಲ್ಲಿ ಮಲ್ಲಣ್ಣ, ಬೀರಪ್ಪರ ಕಥೆಗಳನ್ನು ಹಾಡುವ ಕುರುಮರು ‘ಒಗ್ಗು’ ಕಥೆಯವರು, ಅಲ್ಲಿ ಒಗ್ಗು ಎಂದರೆ ಡಮರು. ಕುರಿಗಾರ ದೈವದ ಗಾಯಕನು ತನ್ನ ವಾದ್ಯದಿಂದಲೇ ಹೆಸರು ಪಡೆದು, ಮರಾಠಿಯ ಕಿವಿಗೆ ಅದು ಹುಲಿಯಾಗಿ ಕೇಳಿಸಿ, ಆಮೇಲೆ ಹುಲಿಯ ಕಥೆ ಹುಟ್ಟಿರಬಹುದೇ? ಇದು ನಮ್ಮ ಊಹೆ ಮಾತ್ರ. ಧ್ವನಿವಿಕಾಸದ ದೃಷ್ಟಿಯಿಂದ ಭಾಷಾವಿಜ್ಞಾನಿಗಳು ಇದನ್ನು ತೂಗಿ ನೋಡಬೇಕು. ಊಹೆ ನಿಂತರೆ, ಯೋಧನ ಹಿಂದಿರುವ ಹುಲಿಯ ಹಿಂದೆ ಒಬ್ಬ ಹಾಡುಗಾರನಿರುತ್ತಾನೆ. ಗೊರವರನ್ನು ಜೀ.ಶಂ.ಪ. ಅವರು ವೃತ್ತಿಗಾಯಕರ ಸಾಲಿನಲ್ಲಿಟ್ಟದ್ದು ಈ ದೃಷ್ಟಿಯಿಂದ ಹೆಚ್ಚು ವಿವೇಕದ ವರ್ಗೀಕರಣ.

ಯುದ್ಧದ ಕಥೆಗೆ ಶಾಸ್ತ್ರೀಯ ರೂಪ ಕೊಟ್ಟದ್ದು ಸಂಸ್ಕೃತದ ‘ಮಲ್ಲಾರಿ ಮಾಹಾತ್ಮ್ಯ’. ಬ್ರಹ್ಮಾಂಡಪುರಾಣದ ಭಾಗವೆಂದು ಅದು ಹೇಳಿಕೊಂಡರೂ ವಿದ್ವಾಂಸರು ಅದನ್ನು ಹದಿನೈದನೆಯ ಶತಮಾನದ ಉತ್ತರಾರ್ಧದ ಆಚೀಚೆಗೆ ಸೇರಿಸುತ್ತಾರೆ. ಕುರಿಗಾರರ ದೊರೆಯನ್ನು ಶಿವನ ಅವತಾರವಾದ ಮಾರ್ತಂಡಭೈರವನನ್ನಾಗಿ ಮಾಡಿ, ಋಷಿಗಳ ಮೊರೆಯನ್ನು ಕೇಳಿ ಯುದ್ಧಕ್ಕೆ ಹೊರಡಿಸಿದ ಗ್ರಂಥವದು. ಬಾಣಾಯಿಯ ಮನೆಯ ಆಳಿಗೆ ಅಲ್ಲಿ ಎಡೆಯಿಲ್ಲ. ಅನಂತರ ಮರಾಠಾ ಸರದಾರರ, ವಿಶೇಷವಾಗಿ ತಾವೇ ಧನಗರರಾಗಿದ್ದ ಹೋಳ್ಕರರ, ಆಶ್ರಯದಲ್ಲಿ ಜೇಜುರಿಯ ಗಡವು ಕಲ್ಲಿನ ಕೋಟೆಯ ವೈಭವ ಪಡೆದಾಗ ಕುದುರೆಯೇರಿದ ವೀರನ ಚಿತ್ರ ಇನ್ನಷ್ಟು ಗಟ್ಟಿಯಾಯಿತು. ಈ ದೈವವನ್ನು ‘ಮಲ್ಲುಖಾನ’, ‘ಅಜಮತಖಾನ’ ಎಂದೂ ಕರೆಯುತ್ತಿದ್ದರು, ಅವನಿಗೆ ಮುಸ್ಲಿಮ್ ಭಕ್ತರೂ ಇದ್ದರು ಎಂಬುದನ್ನು ನೆನೆದರೆ, ‘ಹಿಂದೂ ಯೋಧನೃತ್ಯ’ವೆಂಬ ಹೆಸರಿನ ಮೊದಲ ಅರ್ಧವೂ ಎರಡನೆಯದರಷ್ಟೇ ಇಕ್ಕಟ್ಟಿನದೆಂಬುದು ತಿಳಿಯುತ್ತದೆ.

ಈಗ ಮುರಳಿಯ ವಿಷಯ. ನಮ್ಮ ಆಕ್ಷೇಪಣೆಯಲ್ಲಿ ಅತ್ಯಂತ ಗುರುತರವಾದದ್ದು ಇದು. ವಾಘ್ಯಾನ ಕುಣಿತವನ್ನು ಯೋಧನೃತ್ಯವೆಂದೊಡನೆ ಅವನ ಪಕ್ಕದಲ್ಲಿ ಗಂಟೆ ಹಿಡಿದು ಕುಣಿಯುವ ಹೆಣ್ಣು ವಿವರಣೆಯಿಂದ ಮಾಯವಾಗುತ್ತಾಳೆ, ಅಥವಾ ‘ಜೊತೆಗಾತಿ’ಯಾಗುತ್ತಾಳೆ. ಮುರಳಿಯೆಂದರೆ ಹರಕೆಗಾಗಿ ಖಂಡೋಬನಿಗೆ ಮದುವೆ ಮಾಡಿಕೊಟ್ಟ ಹುಡುಗಿ. ಗಂಡುಮಕ್ಕಳನ್ನೂ ವಾಘ್ಯಾ ಆಗಿ ಒಪ್ಪಿಸುತ್ತಿದ್ದರು. ಆದರೆ ವಾಘ್ಯಾರಲ್ಲಿ ‘ಘರ್ ವಾಘ್ಯಾ’, ‘ದಾರ್ ವಾಘ್ಯಾ’ ಎಂಬ ಭೇದವಿತ್ತು. ಮೊದಲನೆಯವನು ಮನೆಯಲ್ಲಿದ್ದು ಸಂಸಾರ ನಡೆಸಬಹುದಿತ್ತು, ಎರಡನೆಯವನು ಬಾಗಿಲಿಂದ ಬಾಗಿಲಿಗೆ ಬೇಡಬೇಕಿತ್ತು. ಹುಡುಗಿಗೆ ಮರಳಿ ಬರುವ ಇಂಥ ಮನೆಯಿರಲಿಲ್ಲ. ಒಪ್ಪಿಸಲ್ಪಟ್ಟವರಲ್ಲಿ ಬಹುಪಾಲು ಅಸ್ಪೃಶ್ಯರೆನಿಸಿಕೊಂಡ ಜಾತಿಗಳ, ಬಡ ಕುಟುಂಬಗಳ ಮಕ್ಕಳು. ಪುಣೆಯ ದಲಿತ ನಾಯಕ ಶಿವರಾಮ ಜಾನಬಾ ಕಾಂಬಳೆಯವರು 1908ರಲ್ಲಿ ಆರಂಭಿಸಿದ ‘ಸೋಮವಂಶೀಯ ಮಿತ್ರ’ ಪತ್ರಿಕೆಯಲ್ಲಿ ಈ ಪದ್ಧತಿಯ ವಿರುದ್ಧ ಬರೆದರು, ಬರೆಸಿದರು. 1934ರ ಮುಂಬಯಿ ಪ್ರಾಂತದ ದೇವದಾಸಿ ರಕ್ಷಣಾ ಕಾಯಿದೆಯೂ, ಮಹಾರಾಷ್ಟ್ರದ 2005ರ ನಿರ್ಮೂಲನ ಕಾಯಿದೆಯೂ ಅನಂತರ ಬಂದವು. ಇಂದು ಜಾಗರಣದಲ್ಲಿ ಮುರಳಿಯಾಗಿ ವೃತ್ತಿಕಲಾವಿದೆಯರು ಕುಣಿಯುತ್ತಾರೆ. ಕುಣಿತ ಉಳಿದಿದೆ, ಒಪ್ಪಿಸುವಿಕೆ ಅಪರಾಧವಾಗಿದೆ. ಈ ಎರಡರ ನಡುವಿನ ನೂರು ವರ್ಷಗಳ ಚರಿತ್ರೆಯನ್ನು ‘ಯೋಧ’ ಎಂಬ ಪದ ಒಳಗೊಳ್ಳಲಾರದು. ಊಳಿಗವೇ ಈ ಕುಣಿತದ ಮೂಲ ಎಂದು ನಾವು ಹೇಳುವುದಾದರೆ, ಆ ಊಳಿಗ ಒಬ್ಬನಿಗೆ ಪಟ್ಟವೂ ಮತ್ತೊಬ್ಬಳಿಗೆ ಸೆರೆಯೂ ಆಗಿತ್ತೆಂಬುದನ್ನು ಅದೇ ಉಸಿರಿನಲ್ಲಿ ಹೇಳಬೇಕಾಗುತ್ತದೆ. ಕ್ರೀಡಾಭಿರಾಮದ ಗೊರಗ ಹೆಣ್ಣು ಕವಿಗೆ ನೋಟವಾಗಿ ಕಂಡಳು. ಅವಳು ಅಲ್ಲಿಗೆ ಹೇಗೆ ಬಂದಳೆಂಬುದು ಅವನ ಪ್ರಶ್ನೆಯಾಗಿರಲಿಲ್ಲ.

ಜೇಜುರಿಯನ್ನು ಇಂಗ್ಲಿಷ್ ಓದುಗರಿಗೆ ಪರಿಚಯಿಸಿದ ಅರುಣ್ ಕೊಲಟ್ಕರ್ ಅವರ ‘ಜೆಜುರಿ’ (1976) ಕವನಮಾಲೆಗೆ 1977ರಲ್ಲಿ ಕಾಮನ್‌ವೆಲ್ತ್ ಕಾವ್ಯ ಪ್ರಶಸ್ತಿ ಬಂದಿತು. ಅದನ್ನು ಅಪನಂಬಿಕೆಯ ಕಾವ್ಯವೆಂದು ದೂರಿದವರುಂಟು. ಆದರೆ ವಾಘ್ಯಾನಿಗೊಂದು, ಮುರಳಿಗೊಂದು ಹಾಡನ್ನು ಬೇರೆಬೇರೆಯಾಗಿ ಕೊಟ್ಟು ಇಬ್ಬರನ್ನೂ ಸ್ವತಂತ್ರ ದನಿಗಳಾಗಿ ಕೇಳಿಸಿದ್ದು ಆ ಕವಿ. ಈ ಒಂದು ವಿಷಯದಲ್ಲಿ ನಮ್ಮ ಜಾನಪದ ಕೈಪಿಡಿಗಳಿಗಿಂತ ಅವರ ನೋಟ ನಿಷ್ಠುರವಾದದ್ದು, ನ್ಯಾಯವಾದದ್ದು.

ಕಡೆಯದಾಗಿ ಕಾರಣಿಕದ ಬಗ್ಗೆ ಒಂದು ಮಾತು. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಮೈಲಾರದ ಡೆಂಕಣ ಮರಡಿಯ ಮೇಲೆ ಉಪವಾಸವಿದ್ದ ಗೊರವಯ್ಯ ಎತ್ತರದ ಬಿಲ್ಲನ್ನೇರಿ ನಿಲ್ಲುತ್ತಾನೆ. ಅವನು ‘ಸದ್ದಲೇ’ ಎಂದೊಡನೆ ಲಕ್ಷ ಜನ ಮೌನವಾಗುತ್ತಾರೆ. ಒಂದೇ ವಾಕ್ಯ ನುಡಿದು ಅವನು ಕೆಳಗೆ ಬೀಳುತ್ತಾನೆ, ಕೆಳಗಿನವರು ಹಿಡಿದುಕೊಳ್ಳುತ್ತಾರೆ. ಅದೇ ಮಾಘದ ಹುಣ್ಣಿಮೆಗೆ ಜೇಜುರಿಯಲ್ಲಿ ಕೋಳಿ ಸಮುದಾಯದ ಯಾತ್ರೆ ಸೇರುತ್ತದೆ. ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿ ಕಾರಣಿಕ ನಡೆಯುವುದು ಮಹಾನವಮಿಗೆ, ಜೇಜುರಿಯಲ್ಲಿ ಖಂಡೆಯ ಏಳುವುದು ದಸರೆಗೆ. ಪಂಚಾಂಗದ ಈ ಜೋಡಿಗಳು ಇನ್ನೂ ಕೂಲಂಕಷವಾದ ಅಧ್ಯಯನಕ್ಕೆ ಒಳಪಟ್ಟಿಲ್ಲ. ಬಿಲ್ಲು ಅಲ್ಲಿ ಆಯುಧವಾಗಿ ಬಳಕೆಯಾಗುವುದಿಲ್ಲ, ಏಣಿಯಾಗುತ್ತದೆ. ಅದನ್ನು ಏರಿದವನು ಹೂಡುವುದು ಬಾಣವನ್ನಲ್ಲ, ಮಳೆ ಬೆಳೆಯ ಮಾತನ್ನು. ಬೆಳಗಾವಿ ಜಿಲ್ಲೆಯ ಮಂಗಸೂಳಿಯಂತಹ ಗಡಿಯ ನೆಲೆಗಳಲ್ಲಿ ಕನ್ನಡ, ಮರಾಠಿ ಎರಡೂ ಭಾಷೆಗಳ ಒಕ್ಕಲುಗಳು ಒಂದೇ ಅಂಗಳದಲ್ಲಿ ಸೇರುತ್ತವೆ. ಗೊರವ, ವಗ್ಗಯ್ಯ, ವಾಘ್ಯಾ, ಮುರಳಿ ಇವರು ತಮ್ಮನ್ನು ತಾವು ಏನೆಂದು ಕರೆದುಕೊಳ್ಳುತ್ತಾರೆ, ‘ಏಳು ಕೋಟಿ’ಯನ್ನು ಯಾರು ಹೇಗೆ ಬಿಡಿಸುತ್ತಾರೆ ಎಂಬುದನ್ನು ಎರಡೂ ಭಾಷೆ ಬಲ್ಲವರು ಕುಳಿತು ದಾಖಲಿಸುವ ಕೆಲಸ ಅಲ್ಲಿಂದ ಆರಂಭವಾಗಬಹುದು.